ಚಿಕ್ಕಪ್ಪನ ಡೈನಮೋ ಮತ್ತು ತಾನೇ ಚಾರ್ಜ್ ಆಗುವ ಕಾರು

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ. ಕೊಚ್ಚಿಯ ಕಾಕ್ಕನಾಡಿನ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆ. ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಫೋನ್ ಬಂತು. ಸಾಮಾನ್ಯವಾಗಿ ಮಳೆ, ಕೊಳೆರೋಗ, ಅಡಿಕೆ ರೇಟು ಎಂದು ಶುರುವಾಗುವ ಮಾತು ಆ ದಿನ ನೇರ ಕಾರಿಗೆ ಬಂತು.

"ನೀ ಕರೆಂಟಿನ ಕೆಲಸದವನಲ್ವಾ? ತಾನೇ ಚಾರ್ಜ್ ಆಗೋ ಕಾರು ಬಂದಿದೆಯಂತೆ. ಓಡ್ತಾ ಓಡ್ತಾ ಬ್ಯಾಟರಿ ತುಂಬ್ಕಳ್ತದಂತೆ. ನಿಮ್ಮ ತಿರುವನಂತಪುರದಲ್ಲೇ ಮಾಡ್ತಿದಾರೆ. ನಮ್ಮ ಕಡೆಗೆ ಡೀಲರ್‌ಶಿಪ್ ಕೊಡ್ತಾರಂತೆ, ಮೂರು ಲಕ್ಷ ಮುಂಗಡ. ನೀ ಹೆಂಗೂ ಅಲ್ಲೇ ಇದೀಯಲ್ಲ, ಒಂದು ಸಲ ಹೋಗಿ ನೋಡ್ಕಂಡು ಬಾ ಮಾರಾಯ."

ಊರಿನವರಿಗೆ ಕೇರಳ ಎಂದರೆ ಒಂದೇ ಓಣಿ. ಕೊಚ್ಚಿಯಿಂದ ತಿರುವನಂತಪುರಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಎಂದು ಎಷ್ಟು ಸಲ ಹೇಳಿದರೂ "ನಿಮ್ಮ ತಿರುವನಂತಪುರ" ತಪ್ಪುವುದಿಲ್ಲ. ಆದರೆ ಮೂರು ಲಕ್ಷ ಎಂದಾಗ ನಗು ನಿಂತಿತು. ಅದು ಚಿಕ್ಕಪ್ಪನ ಆ ವರ್ಷದ ಅಡಿಕೆಯ ದುಡ್ಡು. ಊರಿನಲ್ಲಿ ಇನ್ನೊಬ್ಬರು ಆಗಲೇ ಒಂದೂವರೆ ಲಕ್ಷ ಕಟ್ಟಿದ್ದರು. ಚಿಕ್ಕಪ್ಪ ಕಟ್ಟದೆ ಉಳಿದಿದ್ದು ನನ್ನ ಒಂದು ಮಾತಿಗಾಗಿ.

ನನ್ನ ಕೆಲಸ ಇನ್ವರ್ಟರ್ ಮತ್ತು ಚಾರ್ಜರ್‌ಗಳದ್ದು. ಒಂಬತ್ತು ವರ್ಷದಿಂದ ಇಲ್ಲೇ ಇದ್ದೇನೆ. ಫೋನಿನಲ್ಲೇ "ಅದೆಲ್ಲ ಸುಳ್ಳು, ಕಟ್ಟಬೇಡಿ" ಎನ್ನಬಹುದಿತ್ತು. ಆದರೆ ಹಾಗೆ ಹೇಳಿದರೆ ಚಿಕ್ಕಪ್ಪ "ಓದಿದವರಿಗೆ ಎಲ್ಲದರಲ್ಲೂ ಅನುಮಾನ" ಎಂದುಕೊಂಡು ಕಟ್ಟಿಯೇ ಬಿಡುತ್ತಿದ್ದರು. ನೋಡದೆ ಹೇಳುವುದೂ ಸರಿಯಲ್ಲ ಅನ್ನಿಸಿತು. ಮುಂದಿನ ಶನಿವಾರ ಬೆಳಗಿನ ರೈಲು ಹತ್ತಿದೆ.

ಶೆಡ್ಡಿನಲ್ಲಿ ಕಂಡಿದ್ದು

ತಿರುವನಂತಪುರದ ಹೊರವಲಯ. ತಗಡಿನ ಶೆಡ್ಡು, ಮುಂದೆ ಎರಡು ತೆಂಗಿನ ಮರ, ಒಳಗೆ ಎಂಜಿನ್ ಕಿತ್ತು ಮೋಟರ್ ಕೂರಿಸಿದ ಹಳೆಯ ಸಣ್ಣ ಕಾರು. ಅದನ್ನು ಮಾಡಿದವರು ಅರವತ್ತು ದಾಟಿದ ಮೆಕ್ಯಾನಿಕ್. ಬಿಳಿ ಮುಂಡು, ಕೈಯಲ್ಲಿ ಗ್ರೀಸ್. "ವರೂ ಸಾರೇ" ಎಂದು ಕರೆದು, ಮೊದಲು ಚಹಾ ಕೊಟ್ಟು, ಆಮೇಲೆ ಬಾನೆಟ್ ಎತ್ತಿದರು. ಡೀಲರ್‌ಶಿಪ್ ಮಾತಾಡುವವನು ಬೇರೆ, ಇಸ್ತ್ರಿ ಮಾಡಿದ ಅಂಗಿಯ ಯುವಕ. ಅವನ ಕೈಯಲ್ಲಿ ಬಣ್ಣದ ಕರಪತ್ರ.

ಕಾರಿನ ಕಥೆ ಸರಳ. ನಾಲ್ಕು 12 ವೋಲ್ಟಿನ ಬ್ಯಾಟರಿಗಳು ಮೋಟರನ್ನು ತಿರುಗಿಸುತ್ತವೆ. ಮೋಟರ್ ಚಕ್ರ ತಿರುಗಿಸುತ್ತದೆ. ಹಿಂದಿನ ಆ್ಯಕ್ಸಲ್‌ಗೆ ಬೆಲ್ಟ್ ಹಾಕಿ ಎರಡು ಆಲ್ಟರ್ನೇಟರ್ ಕಟ್ಟಿದ್ದಾರೆ. ಚಕ್ರ ತಿರುಗಿದಂತೆ ಅವು ಕರೆಂಟು ಮಾಡಿ ಅದೇ ಬ್ಯಾಟರಿಗೆ ವಾಪಸ್ ಕೊಡುತ್ತವೆ. ಡ್ಯಾಶ್‌ಬೋರ್ಡಿನ ಮೇಲೆ ಕೆಂಪು ಅಂಕಿಯ ವೋಲ್ಟ್‌ಮೀಟರ್.

ಹೊರಡುವಾಗ ಅದು 50.4 ತೋರಿಸುತ್ತಿತ್ತು. ಕೆಲಸದ ಅಭ್ಯಾಸ, ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡೆ. ಇಪ್ಪತ್ತು ನಿಮಿಷ ಒಳರಸ್ತೆಯಲ್ಲಿ ಸುತ್ತಿದೆವು. ಓಡುವಾಗ ಮೀಟರು 47ರ ಹತ್ತಿರ ಇಳಿಯಿತು. ಶೆಡ್ಡಿಗೆ ಬಂದು ನಿಲ್ಲಿಸಿದ ಮೇಲೆ ಅಂಕಿ ಮೆಲ್ಲಗೆ ಏರತೊಡಗಿತು. 48, 48.9, 49.3, 49.6. ಅವರ ಮುಖ ಅರಳಿತು. "ಕಂಡಿರಾ ಸಾರ್? ತುಂಬಿಕೊಳ್ಳುತ್ತಿದೆ!"

ಅವರು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ಆದರೆ ಬ್ಯಾಟರಿಯ ಗುಣವೇ ಹಾಗೆ. ಭಾರ ಹೊತ್ತಾಗ ವೋಲ್ಟೇಜ್ ಕುಗ್ಗುತ್ತದೆ, ಭಾರ ಇಳಿಸಿದ ಮೇಲೆ ಸುಧಾರಿಸಿಕೊಳ್ಳುತ್ತದೆ. ಗದ್ದೆ ಉತ್ತು ನೆರಳಿಗೆ ಬಂದ ಎತ್ತು ಏದುಸಿರು ನಿಲ್ಲಿಸಿದ ಹಾಗೆ. ಉಸಿರು ಹಿಡಿತಕ್ಕೆ ಬಂದ ಮಾತ್ರಕ್ಕೆ ಎತ್ತಿನ ಹೊಟ್ಟೆಗೆ ಹುಲ್ಲು ಬಿದ್ದಂತಲ್ಲ. ನಿಲ್ಲಿಸಿದ ಕಾರಿನಲ್ಲಿ ಚಕ್ರ ತಿರುಗುತ್ತಿಲ್ಲ, ಆಲ್ಟರ್ನೇಟರೂ ತಿರುಗುತ್ತಿಲ್ಲ. ಆ ಹೊತ್ತಿನಲ್ಲಿ ಏರುವ ಅಂಕಿ ತುಂಬುವುದರಿಂದ ಬಂದದ್ದಲ್ಲ.

ಫೋಟೋ ತೋರಿಸಿದೆ. ಹೊರಟಾಗ 50.4, ಈಗ 49.6. ಅವರು ನೋಡಿ, "ಸ್ವಲ್ಪ ನಷ್ಟ ಇದೆ. ಇನ್ನೊಂದು ಆಲ್ಟರ್ನೇಟರ್ ಹಾಕಿದರೆ ಸರಿಹೋಗುತ್ತದೆ" ಎಂದರು. ಆರು ವರ್ಷದಿಂದ ಅವರು ಹಾಗೆಯೇ ಒಂದೊಂದಾಗಿ ಬದಲಿಸುತ್ತಾ ಬಂದಿದ್ದಾರೆ. ಗೆಲುವು ಯಾವಾಗಲೂ ಮುಂದಿನ ಬೆಲ್ಟಿನಲ್ಲಿದೆ.

ನಾನು ಒಂದೇ ಪ್ರಶ್ನೆ ಕೇಳಿದೆ. "ಎರಡೂ ಬೆಲ್ಟ್ ಕಳಚಿ ಓಡಿಸಿ ನೋಡಿದ್ದೀರಾ? ಆಗ ಎಷ್ಟು ಕಿಲೋಮೀಟರ್ ಬರುತ್ತದೆ?"

ಅವರು ಸ್ವಲ್ಪ ಹೊತ್ತು ಕಾರನ್ನೇ ನೋಡಿದರು. "ಇಲ್ಲ" ಎಂದರು. ಯುವಕ ಕರಪತ್ರವನ್ನು ಮುಂದೆ ಚಾಚಿದ.

ಹಣ ಬದಲಿಸುವ ಅಂಗಡಿ

ಕೊಚ್ಚಿಯಲ್ಲಿ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಇಲ್ಲಿ ಗಲ್ಫಿಗೆ ಹೋಗಿಬರುವವರು ಹೆಚ್ಚು, ಹಣ ಬದಲಿಸುವ ಅಂಗಡಿಗಳೂ ಹೆಚ್ಚು. ನೂರು ರೂಪಾಯಿ ಕೊಟ್ಟು ದಿರ್ಹಮ್ ತೆಗೆದುಕೊಳ್ಳಿ. ಪಕ್ಕದ ಅಂಗಡಿಯಲ್ಲಿ ಆ ದಿರ್ಹಮ್ ಕೊಟ್ಟು ರೂಪಾಯಿ ತೆಗೆದುಕೊಳ್ಳಿ. ಪ್ರತಿ ಕೌಂಟರಿನಲ್ಲೂ ಕಮಿಷನ್ ಹೋಗುತ್ತದೆ. ಹೀಗೆ ಸುತ್ತುತ್ತಾ ಸುತ್ತುತ್ತಾ ಶ್ರೀಮಂತರಾದವರು ಯಾರೂ ಇಲ್ಲ.

ಆ ಕಾರಿನಲ್ಲೂ ಅದೇ. ಬ್ಯಾಟರಿಯಿಂದ 100 ಭಾಗ ಶಕ್ತಿ ಹೊರಟರೆ ಮೋಟರು ಮತ್ತು ಅದರ ಕಂಟ್ರೋಲರ್ ದಾಟಿ ಚಕ್ರಕ್ಕೆ ಸುಮಾರು 85 ಸಿಗುತ್ತದೆ. ಉಳಿದದ್ದು ಬಿಸಿಯಾಗಿ ಹೋಯಿತು. ಮಾಮೂಲಿ ಕಾರಿನ ಆಲ್ಟರ್ನೇಟರ್ ತನಗೆ ಸಿಕ್ಕಿದ್ದರಲ್ಲಿ ಅರುವತ್ತು ಪಾಲಿನಷ್ಟನ್ನು ಮಾತ್ರ ಕರೆಂಟು ಮಾಡುತ್ತದೆ. ಅಲ್ಲಿಗೆ 51. ಸೀಸದ ಬ್ಯಾಟರಿಗೆ ತುಂಬಿ ಮತ್ತೆ ತೆಗೆಯುವಾಗ ಇನ್ನಷ್ಟು ಸೋರಿ 40ರ ಆಸುಪಾಸು ಉಳಿಯುತ್ತದೆ. ಇದು ಕೂಡ ಕಾರು ಒಂದು ಅಡಿಯೂ ಮುಂದೆ ಹೋಗದೆ ಚಕ್ರದ ಶಕ್ತಿಯನ್ನೆಲ್ಲ ಆಲ್ಟರ್ನೇಟರಿಗೇ ಕೊಟ್ಟರೆ ಬರುವ ಲೆಕ್ಕ. ಅತ್ಯುತ್ತಮ ಸಾಮಾನು ಹಾಕಿ ಮೂರು ಹಂತದಲ್ಲೂ ನೂರಕ್ಕೆ 95 ಉಳಿಸಿದೆವು ಎಂದಿಟ್ಟುಕೊಳ್ಳಿ, ಆಗಲೂ ಕೊನೆಗೆ 86. ಗಾಳಿಯನ್ನು ಸೀಳಲು, ಟೈರು ಉರುಳಿಸಲು ಬೇಕಾದ ಶಕ್ತಿ ಇದರಾಚೆಯದು. ಬಾನೆಟ್ಟಿನ ಮುಂದೆ ಫ್ಯಾನು ಕಟ್ಟಿ "ಗಾಳಿಯಿಂದ ಚಾರ್ಜ್" ಎನ್ನುವವರ ಕಥೆಯೂ ಇಷ್ಟೇ. ಆ ಗಾಳಿಯನ್ನು ಎಬ್ಬಿಸುತ್ತಿರುವುದು ಅದೇ ಬ್ಯಾಟರಿ.

ಸ್ವಯಂವಹ ಯಂತ್ರದ ಕಾಲದಿಂದ

ಈ ಆಸೆ ಹೊಸದಲ್ಲ, ನಮ್ಮವರಿಗೆ ಹೊರಗಿನದೂ ಅಲ್ಲ. 628ರಲ್ಲಿ ಬ್ರಹ್ಮಗುಪ್ತ, 1150ರ ಹೊತ್ತಿಗೆ 'ಸಿದ್ಧಾಂತ ಶಿರೋಮಣಿ' ಬರೆದ ಭಾಸ್ಕರಾಚಾರ್ಯ, ಇಬ್ಬರೂ 'ಸ್ವಯಂವಹ ಯಂತ್ರ'ವನ್ನು ವರ್ಣಿಸಿದ್ದಾರೆ. ಹಗುರ ಮರದ ಚಕ್ರ, ಟೊಳ್ಳು ಅರಗಳು, ಅವುಗಳಲ್ಲಿ ಅರ್ಧದಷ್ಟು ಪಾದರಸ. ಒಂದು ಕಡೆ ಪಾದರಸ ಅಂಚಿಗೆ ಓಡಿ ಭಾರ ಮಾಡುತ್ತದೆ, ಚಕ್ರ ತಾನೇ ತಿರುಗುತ್ತದೆ ಎಂಬ ಊಹೆ. ಭಾಸ್ಕರರ ಹುಟ್ಟೂರು ಇಂದಿನ ವಿಜಯಪುರದ ಕಡೆಯದು ಎಂದು ಹೇಳುವವರಿದ್ದಾರೆ, ಆದ್ದರಿಂದ ನಮಗೆ ಈ ಚಕ್ರ ಇನ್ನೂ ಹತ್ತಿರದ್ದು. ಅದು ತಿರುಗುವುದಿಲ್ಲ. ಒಂದು ಬದಿಯಲ್ಲಿ ಭಾರ ದೂರದಲ್ಲಿದ್ದರೆ ಇನ್ನೊಂದು ಬದಿಯಲ್ಲಿ ಹತ್ತಿರದಲ್ಲೇ ಹೆಚ್ಚು ಭಾರ ಸೇರುತ್ತದೆ. ತಕ್ಕಡಿ ಸರಿಹೋಗಿ ಚಕ್ರ ನಿಲ್ಲುತ್ತದೆ. ಅಷ್ಟು ದೊಡ್ಡ ಗಣಿತಜ್ಞರಿಗೂ ಈ ಆಸೆ ಬಂದಿತ್ತು ಎಂದ ಮೇಲೆ ತಿರುವನಂತಪುರದ ಮೆಕ್ಯಾನಿಕ್ಕನ್ನು ಗೇಲಿ ಮಾಡುವುದು ಸಲ್ಲ.

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ನಿರಂತರ ಚಲನೆಯ ಯಂತ್ರಗಳ ಅರ್ಜಿ ನೋಡುವುದನ್ನು ನಿಲ್ಲಿಸಿತು. 1840ರ ದಶಕದಲ್ಲಿ ಮೇಯರ್, ಜೌಲ್, ಹೆಲ್ಮ್‌ಹೋಲ್ಟ್ಜ್ ಅವರ ಕೆಲಸದಿಂದ ಶಕ್ತಿ ಸಂರಕ್ಷಣೆಯ ನಿಯಮ ಗಟ್ಟಿಯಾಯಿತು. ಆಮೇಲೂ ಹಣ ಹೂಡುವವರು ಸಿಗುತ್ತಲೇ ಇದ್ದರು. ಅಮೆರಿಕದಲ್ಲಿ ನೀರಿನಿಂದ ಕಾರು ಓಡಿಸುತ್ತೇನೆಂದ ಸ್ಟ್ಯಾನ್ಲಿ ಮೇಯರ್ ವಂಚಿಸಿದ್ದಾನೆಂದು 1996ರಲ್ಲಿ ಒಹಾಯೊದ ಕೋರ್ಟು ಹೇಳಿ, ಹೂಡಿಕೆದಾರರ ಹಣ ವಾಪಸ್ ಕೊಡಿಸಿತು. ಅದೇ ವರ್ಷ ನಮ್ಮ ನೆರೆಯ ತಮಿಳುನಾಡಿನಿಂದ 'ಮೂಲಿಕೆ ಪೆಟ್ರೋಲ್' ಸುದ್ದಿ ದೇಶವನ್ನೆಲ್ಲ ಸುತ್ತಿತು. ಐರ್ಲೆಂಡಿನ ಸ್ಟಿಯಾರ್ನ್ ಕಂಪನಿ 2006ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು "ನಮ್ಮ ಯಂತ್ರ ಪರೀಕ್ಷಿಸಿ" ಎಂದು ವಿಜ್ಞಾನಿಗಳಿಗೇ ಸವಾಲು ಹಾಕಿತು. 22 ಜನರ ತೀರ್ಪುಗಾರರ ತಂಡ 2009ರಲ್ಲಿ ಒಮ್ಮತದಿಂದ ಹೇಳಿತು: ಶಕ್ತಿ ಹುಟ್ಟುತ್ತಿದೆ ಎನ್ನುವುದಕ್ಕೆ ಪುರಾವೆ ಇಲ್ಲ.

ಯಾವ ಬಾಗಿಲಿನಿಂದ ಬಂತು?

ಹಾಗಾದರೆ ತಾನೇ ಚಾರ್ಜ್ ಆಗುವುದು ಯಾವುದೂ ಇಲ್ಲವೇ? ಇದೆ. ಕೊಚ್ಚಿಯ ಸುತ್ತಮುತ್ತಲೇ ಬೇಕಾದಷ್ಟಿದೆ. ಅವೆಲ್ಲಕ್ಕೂ ಶಕ್ತಿ ಒಳಬರುವ ಒಂದು ಬಾಗಿಲು ಇದೆ, ಮತ್ತು ಆ ಬಾಗಿಲನ್ನು ಅವು ಮುಚ್ಚಿಡುವುದಿಲ್ಲ.

ಕೊಚ್ಚಿಯಿಂದ ದಕ್ಷಿಣಕ್ಕೆ ವೈಕಂ. ಅಲ್ಲಿಂದ ವೇಂಬನಾಡು ಕಾಯಲಿನ ಆಚೆ ದಡದ ತವಣಕ್ಕಡವಿಗೆ 2017ರ ಜನವರಿಯಿಂದ 'ಆದಿತ್ಯ' ಎಂಬ ಸೌರ ದೋಣಿ ಓಡಾಡುತ್ತಿದೆ. 75 ಜನ ಕೂರುತ್ತಾರೆ. ಮೇಲ್ಛಾವಣಿಯ ತುಂಬ ಸೌರಫಲಕ, ಒಟ್ಟು 20 ಕಿಲೋವ್ಯಾಟ್. ದೋಣಿ ಉದ್ದ, ಛಾವಣಿ ದೊಡ್ಡದು, ನಡಿಗೆ ನಿಧಾನ, ಪ್ರಯಾಣ ಚಿಕ್ಕದು. ಆದ್ದರಿಂದ ಸೂರ್ಯನ ಸಂಪಾದನೆಯಲ್ಲಿ ಅದರ ಸಂಸಾರದ ಬಹುಪಾಲು ನಡೆಯುತ್ತದೆ. ಸಾಲದ್ದಕ್ಕೆ ದಡದ ಕರೆಂಟಿದೆ. ಕೊಚ್ಚಿ ವಿಮಾನ ನಿಲ್ದಾಣ 2015ರ ಆಗಸ್ಟ್ 18ರಿಂದ ಪೂರ್ತಿ ಸೌರಶಕ್ತಿಯದು. ಹಗಲು ಹೆಚ್ಚಾದದ್ದನ್ನು ವಿದ್ಯುತ್ ಜಾಲಕ್ಕೆ ಕೊಟ್ಟು, ರಾತ್ರಿ ಅಲ್ಲಿಂದಲೇ ವಾಪಸ್ ಪಡೆಯುತ್ತದೆ, ಬ್ಯಾಂಕಿನ ಖಾತೆಯ ಹಾಗೆ. 2023ರ ಏಪ್ರಿಲ್ 25ರಂದು ಶುರುವಾದ ವಾಟರ್ ಮೆಟ್ರೋದ ದೋಣಿಗಳು ಜೆಟ್ಟಿಗೆ ಬಂದು ಚಾರ್ಜ್ ಮಾಡಿಸಿಕೊಳ್ಳುತ್ತವೆ. "ತಾನೇ" ಎಂಬ ಬಡಾಯಿ ಅವಕ್ಕೆ ಬೇಕಾಗಿಲ್ಲ.

ಕಾರಿನ ಛಾವಣಿಯ ಲೆಕ್ಕ ನೋಡಿ. ಹೆಚ್ಚೆಂದರೆ ಎರಡು ಚದರ ಮೀಟರ್ ಜಾಗ, 400 ವ್ಯಾಟ್ ಫಲಕ. ಒಳ್ಳೆಯ ಬಿಸಿಲಿನ ದಿನ ಒಂದೂವರೆಯಿಂದ ಎರಡು ಯುನಿಟ್ ಕರೆಂಟು. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯುನಿಟ್ಟಿಗೆ ಏಳೆಂಟು ಕಿಲೋಮೀಟರ್ ಓಡುತ್ತದೆ. ಅಂದರೆ ದಿನಕ್ಕೆ ಹತ್ತು, ಹದಿನೈದು ಕಿಲೋಮೀಟರ್. ಅದೂ ಇಡೀ ದಿನ ಬಿಸಿಲಲ್ಲಿ ನಿಲ್ಲಿಸಿದರೆ, ಇಲ್ಲಿನ ಜೂನ್ ಜುಲೈ ಬಿಟ್ಟು. ಇದು ಸುಳ್ಳಲ್ಲ, ಪ್ರಯೋಜನವೂ ಉಂಟು. ಆದರೆ ಇದನ್ನೇ ನಂಬಿ ಕೊಚ್ಚಿಯಿಂದ ತೀರ್ಥಹಳ್ಳಿಗೆ ಹೊರಡಲು ಆಗುವುದಿಲ್ಲ. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದವರು 2017ರಲ್ಲಿ ಓಮ್ನಿಯೊಂದಕ್ಕೆ ಸೌರಫಲಕ, ಬ್ಯಾಟರಿ ಕೂರಿಸಿ ಓಡಿಸಿ ತೋರಿಸಿದ್ದರು. ರಾಕೆಟ್ ಮಾಡುವವರು ಅದನ್ನು ಕರೆದದ್ದು 'ಸೋಲಾರ್ ಹೈಬ್ರಿಡ್' ಎಂದು. ಬಾಗಿಲಿನ ಹೆಸರು ಹೆಸರಿನಲ್ಲೇ ಇದೆ.

ಗೊಂದಲಕ್ಕೆ ದೊಡ್ಡ ಕಂಪನಿಗಳ ಪದಗಳೂ ಕಾರಣ. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾದ ಹೈಬ್ರಿಡ್ ಕಾರುಗಳನ್ನು 'ಸೆಲ್ಫ್ ಚಾರ್ಜಿಂಗ್' ಎಂದೇ ಪ್ರಚಾರ ಮಾಡಿದ್ದಾರೆ. ಒಳ್ಳೆಯ ತಂತ್ರಜ್ಞಾನವೇ. ಬ್ರೇಕು ಹಾಕಿದಾಗ ಪೋಲಾಗುವ ಶಕ್ತಿಯನ್ನು ಹಿಡಿದು ಪೆಟ್ರೋಲು ಉಳಿಸುತ್ತವೆ. ಆದರೆ ಕೊನೆಗೆ ಬ್ಯಾಟರಿ ತುಂಬುವುದು ಟ್ಯಾಂಕಿಗೆ ಹಾಕಿದ ಪೆಟ್ರೋಲಿನಿಂದ. 'ಸೆಲ್ಫ್' ಎಂದರೆ ಪ್ಲಗ್ಗು ಚುಚ್ಚಬೇಕಾಗಿಲ್ಲ ಎಂದು ಮಾತ್ರ ಅರ್ಥ. 2020ರಲ್ಲಿ ನಾರ್ವೆಯ ಗ್ರಾಹಕ ಪ್ರಾಧಿಕಾರ ಲೆಕ್ಸಸ್ ಹೈಬ್ರಿಡ್‌ನ ಇಂಥದ್ದೇ ಜಾಹೀರಾತನ್ನು ದಾರಿ ತಪ್ಪಿಸುವಂಥದ್ದು ಎಂದು ತಡೆಯಿತು. ಈ ಪದವನ್ನು ಟಿವಿಯಲ್ಲಿ ಕೇಳಿದ ಚಿಕ್ಕಪ್ಪನಂಥವರಿಗೆ ಶೆಡ್ಡಿನ ಕರಪತ್ರದಲ್ಲೂ ಅದೇ ಪದ ಕಂಡರೆ ನಂಬಿಕೆ ಬಾರದೆ ಇದ್ದೀತೆ?

ಘಾಟಿ ಇಳಿಯುವಾಗ

ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರಿಗೇ ಈ ಭ್ರಮೆ ಒಮ್ಮೊಮ್ಮೆ ಬರುತ್ತದೆ. ಮೈಸೂರಿನಿಂದ ವಯನಾಡಿನ ಮೇಲೆ ಕೊಚ್ಚಿಗೆ ಮರಳುವವರಿಗೆ ಗೊತ್ತು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಮುಚ್ಚುವುದರೊಳಗೆ ದಾಟಿ, ಕಲ್ಪೆಟ್ಟ ಬಿಟ್ಟು, ಲಕ್ಕಿಡಿಯಿಂದ ತಾಮರಶ್ಶೇರಿ ಚುರಂನ ಒಂಬತ್ತು ತಿರುವು ಇಳಿಯುವಾಗ ಬ್ಯಾಟರಿಯ ಶೇಕಡಾ ಅಂಕಿ ಇಳಿಯುವ ಬದಲು ಏರುತ್ತದೆ. ಸಹೋದ್ಯೋಗಿಯ ಕಾರಿನಲ್ಲಿ ಬರುವಾಗ ಮೊದಲ ಸಲ ನೋಡಿ ನಾನೂ ಖುಷಿಪಟ್ಟಿದ್ದೆ.

ಲೆಕ್ಕ ಹಾಕಿದರೆ ಗುಟ್ಟು ತಿಳಿಯುತ್ತದೆ. ಜನರೂ ಸೇರಿ 1600 ಕಿಲೋ ತೂಕದ ಕಾರು 600 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2.6 ಯುನಿಟ್. ಟೈರು, ಗಾಳಿ, ಮೋಟರಿನ ಕಮಿಷನ್ ಕಳೆದು ಒಂದಿಷ್ಟು ಬ್ಯಾಟರಿಗೆ ಬರುತ್ತದೆ. ಆದರೆ ಆ 600 ಮೀಟರನ್ನು ಹಿಂದೊಮ್ಮೆ ಹತ್ತಿದಾಗ ಅದಕ್ಕಿಂತ ಹೆಚ್ಚೇ ಕೊಟ್ಟಿದ್ದೆವು. ಇಳಿಜಾರು ಕೊಡುವುದು ಬಡ್ಡಿಯನ್ನಲ್ಲ, ನಮ್ಮ ಅಸಲಿನ ಒಂದು ಭಾಗವನ್ನು.

ಡೈನಮೋ

ಕೊಚ್ಚಿಗೆ ಮರಳಿದ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ವೋಲ್ಟೇಜು, ಶೇಕಡಾ ಎಂದು ಶುರುಮಾಡಿದೆ. ಅವರು "ಹೂಂ, ಹೂಂ" ಎನ್ನುತ್ತಿದ್ದರು. ಮನಸ್ಸಿಗೆ ಇಳಿಯುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಕೊನೆಗೆ ಅವರೇ ಅಡ್ಡ ಬಾಯಿ ಹಾಕಿದರು.

"ಎಲ್ಲ ಸರಿ ಮಾರಾಯ. ಮೇಲಿನ ತೋಟದವರ ಟರ್ಬೈನು ಹಗಲೂ ರಾತ್ರಿ ತಾನೇ ತಿರುಗ್ತದಲ್ಲ? ಕರೆಂಟು ಬರ್ತದಲ್ಲ?"

"ಬರ್ತದೆ ಚಿಕ್ಕಪ್ಪ. ಗುಡ್ಡದ ಮೇಲಿಂದ ನೀರು ಬೀಳ್ತದೆ. ಆ ನೀರನ್ನ ಮೋಡ ಮಾಡಿ ಮೇಲೆ ಹೊತ್ತು ಹಾಕಿದ್ದು ಸೂರ್ಯ. ಅದೇ ಟರ್ಬೈನಿನ ಕರೆಂಟಲ್ಲಿ ಪಂಪು ಓಡಿಸಿ, ಬಿದ್ದ ನೀರನ್ನೆಲ್ಲ ಮೇಲೆತ್ತಿ, ಮತ್ತೆ ಅದರಲ್ಲೇ ಟರ್ಬೈನು ತಿರುಗಿಸ್ತೀನಿ ಅಂದ್ರೆ?"

"ಅದು ಆಗ್ಲಿಕ್ಕಿಲ್ಲ" ಎಂದರು. ಆದರೂ ದನಿಯಲ್ಲಿ ಅನುಮಾನ ಉಳಿದಿತ್ತು. ಆಗ ನನಗೆ ಅವರ ಹಳೆಯ ಸೈಕಲ್ ನೆನಪಾಯಿತು. ಹಿಂದಿನ ಟೈರಿಗೆ ತಾಗುವ ಡೈನಮೋ, ಮುಂದೆ ದುಂಡು ದೀಪ.

"ಚಿಕ್ಕಪ್ಪ, ನಿಮ್ಮ ಸೈಕಲ್ಲಿನ ಡೈನಮೋ ನೆನಪಿದೆಯಾ? ಅದನ್ನ ಟೈರಿಗೆ ಒತ್ತಿದಾಗ ಪೆಡಲ್ ಹೆಂಗಾಗ್ತಿತ್ತು?"

ಒಂದು ಕ್ಷಣ ಮೌನ. ಆಮೇಲೆ ಜೋರಾಗಿ ನಕ್ಕರು.

"ಭಾರ ಆಗ್ತಿತ್ತು ಮಾರಾಯ! ದಿಬ್ಬ ಬಂದ್ರೆ ಡೈನಮೋ ಎತ್ತಿ ಕತ್ತಲಲ್ಲೇ ತುಳೀತಿದ್ವಿ. ಕಾಲಲ್ಲಿ ಶಕ್ತಿ ಇರ್ತಿರಲಿಲ್ಲ."

"ಅಷ್ಟೇ ಚಿಕ್ಕಪ್ಪ. ಆ ದೀಪ ಉರೀತಿದ್ದದ್ದು ನೀವು ಉಂಡ ಅನ್ನದಿಂದ."

ಒಂಬತ್ತು ವರ್ಷದ ನನ್ನ ಎಂಜಿನಿಯರಿಂಗ್ ಹೇಳಲಾಗದ್ದನ್ನು ಅವರ ಮೊಣಕಾಲು ಹೇಳಿತು. ನಿಯಮ ಅವರಿಗೆ ಮೊದಲೇ ಗೊತ್ತಿತ್ತು. ಕರಪತ್ರ ಅದನ್ನು ಮರೆಸಿತ್ತು, ಅಷ್ಟೆ.

ಮುಂಗಡ ಕೊಡುವ ಮುಂಚೆ

ನಮ್ಮಂಥ ಹೊರನಾಡಿನವರಿಗೆ ಇಂಥ ಫೋನು ಬರುತ್ತಲೇ ಇರುತ್ತದೆ. ಓದಿದ ಮಗ, ಸೊಸೆ, ತಂಗಿ ಏನು ಹೇಳುತ್ತಾರೋ ಎಂದು ಊರು ಕಾಯುತ್ತದೆ. ಹಾಗಾಗಿ ಕೆಲವು ಮಾತು.

"ಪೇಟೆಂಟ್ ಆಗಿದೆ" ಎಂದರೆ ಕಾಗದ ನೋಡಿ. ಆ ಯುವಕ ನನಗೆ ತೋರಿಸಿದ್ದು ಅರ್ಜಿಯ ರಸೀದಿ. ಅರ್ಜಿ ಯಾರು ಬೇಕಾದರೂ ಹಾಕಬಹುದು, ಸಾಮಾನ್ಯವಾಗಿ 18 ತಿಂಗಳ ನಂತರ ಅದು ಪ್ರಕಟವೂ ಆಗುತ್ತದೆ. ಪ್ರಕಟವಾಗುವುದು ಬೇರೆ, ಮಂಜೂರಾಗುವುದು ಬೇರೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎ) ಕಲಮು ನಿಸರ್ಗದ ಸ್ಥಾಪಿತ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದದ್ದನ್ನು ಆವಿಷ್ಕಾರ ಎಂದೇ ಪರಿಗಣಿಸುವುದಿಲ್ಲ.

ರಸ್ತೆಗಿಳಿಯುವ ಕಾರಿಗೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪುಣೆಯ ಎಆರ್‌ಎಐಯಂಥ ಮಾನ್ಯ ಸಂಸ್ಥೆಯ ಪ್ರಮಾಣಪತ್ರ ಬೇಕು. ಅದು ಇಲ್ಲದ ಕಾರಿಗೆ ಡೀಲರ್‌ಶಿಪ್ ಎಂಬುದೇ ಇಲ್ಲ. ಇನ್ನು ಪ್ರದರ್ಶನಕ್ಕೆ ಕರೆದರೆ ಎರಡೇ ಕೋರಿಕೆ ಇಡಿ: ಚಾರ್ಜರಿನ ವಯರು ಕಿತ್ತು, ಬ್ಯಾಟರಿಗೆ ಸೀಲು ಹಾಕಿ, ಮೂರು ದಿನ ಓಡಿಸಿ ತೋರಿಸಿ. ಆಮೇಲೆ ಆಲ್ಟರ್ನೇಟರಿನ ಬೆಲ್ಟು ಕಳಚಿ ಇನ್ನೊಮ್ಮೆ ಓಡಿಸಿ. ನಿಜವಾದ ಯಂತ್ರಕ್ಕೆ ಇದರಿಂದ ಏನೂ ನಷ್ಟವಿಲ್ಲ.

ಕೇಳುವುದು ಅಗೌರವವಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತಶಾಸ್ತ್ರಜ್ಞ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಇದೇ ಕೇರಳದ ತಿರುವಲ್ಲದಲ್ಲಿ ಹುಟ್ಟಿದ ಅಬ್ರಹಾಂ ಕೋವೂರರು ಪವಾಡ ತೋರಿಸಿದವರಿಗೆ ಬಹುಮಾನದ ಸವಾಲು ಹಾಕಿದ್ದರು. ಎರಡು ರಾಜ್ಯದ ಆ ಹಿರಿಯರು ಇಬ್ಬರೂ ಬೇಡಿದ್ದು ಇಷ್ಟೇ: ತೋರಿಸಿ, ನೋಡೋಣ.

ಚಿಕ್ಕಪ್ಪ ದುಡ್ಡು ಕಟ್ಟಲಿಲ್ಲ. ಈ ಬೇಸಿಗೆಯಲ್ಲಿ ಅದರಲ್ಲಿ ಒಂದು ಪಾಲು ಹಾಕಿ ಮನೆಯ ಹೆಂಚಿನ ಮೇಲೆ ಸೌರಫಲಕ ಕೂರಿಸಿದ್ದಾರೆ. ಮಳೆಗಾಲದಲ್ಲಿ ಸಾಲುವುದಿಲ್ಲ ಎಂದು ಈಗಿನಿಂದಲೇ ಗೊಣಗುತ್ತಿದ್ದಾರೆ. ಮೊದಲೇ ಒಂದೂವರೆ ಲಕ್ಷ ಕಟ್ಟಿದ್ದ ನೆರೆಯವರಿಗೆ ಹಣ ಇನ್ನೂ ವಾಪಸ್ ಬಂದಿಲ್ಲ. ಆ ಯುವಕನ ನಂಬರು ಈಗ ಹತ್ತುವುದಿಲ್ಲ.

ಆ ಮೆಕ್ಯಾನಿಕ್ ಮಾತ್ರ ಎರಡು ತಿಂಗಳ ಹಿಂದೆ ತಾವೇ ಫೋನ್ ಮಾಡಿದ್ದರು. ಬೆಲ್ಟು ಕಳಚಿ ಓಡಿಸಿದರಂತೆ. "ಕೂಡುತಲ್ ಓಡಿ ಸಾರೇ" ಎಂದರು. ಹೆಚ್ಚೇ ಓಡಿತಂತೆ. ಹೇಳಿ ಸುಮ್ಮನಾದರು. ಏನು ಹೇಳಬೇಕೋ ನನಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: ಹಳೆಯ ಆಟೋಗಳಿಗೆ ಮೋಟರು ಕೂರಿಸುವ ಕೆಲಸಕ್ಕೆ ಅನುಮತಿ ಎಲ್ಲಿ ತೆಗೆದುಕೊಳ್ಳಬೇಕು? ಅಷ್ಟು ಚೆನ್ನಾಗಿ ಮೋಟರು ಕೂರಿಸುವ ಕೈ ಅದು. ವಿವರವನ್ನೆಲ್ಲ ಬರೆದು ಕಳಿಸಿದ್ದೇನೆ.